ಗಾಳಗಾರನ ಪರವಾಗಿ ಮಾತಾಡುವವರು ಯಾರು?

2018ರ ಜನವರಿ 1. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ದಂಡೆಯಲ್ಲಿ ನಿಂತು ಹವ್ಯಾಸಕ್ಕೆ ಗಾಳ ಹಾಕುವವನಿಗೆ ಅಂದಿನಿಂದ ಹೊಸದೊಂದು ಕಟ್ಟುಪಾಡು ಬಂತು. ಗಾಳಕ್ಕೆ ಬ್ಯಾಸ್ ಮೀನು ಬಿದ್ದರೆ ಕೊಕ್ಕೆ ಬಿಡಿಸಿ ಮರಳಿ ಕಡಲಿಗೆ ಬಿಡಬೇಕು. ಮನೆಯ ಅಡುಗೆಗೆಂದು ಒಂದನ್ನೂ ಒಯ್ಯುವಂತಿಲ್ಲ. ಅದೇ ದಂಡೆಯ ಎದುರಿಗೆ ಬಲೆ ನಿಲ್ಲಿಸಿಟ್ಟ ವೃತ್ತಿಪರ ದೋಣಿ ಮಾತ್ರ, ಬೇರೆ ಮೀನಿನ ಜೊತೆ ತಾನಾಗಿ ಸಿಕ್ಕಿಬಿದ್ದದ್ದು ಎಂಬ ಲೆಕ್ಕದಲ್ಲಿ, ವರ್ಷಕ್ಕೆ 1.2 ಟನ್ ಬ್ಯಾಸ್ ದಡಕ್ಕೆ ತರಬಹುದಿತ್ತು. ಗಾಳದಿಂದಲೇ ಹಿಡಿದು ಮಾರುವ ದೋಣಿಗಳಿಗೆ 5 ಟನ್ ವರೆಗೂ ಅವಕಾಶವಿತ್ತು.

ನಿಯಮ ಹುಟ್ಟಿದ್ದು ಹಿಂದಿನ ಡಿಸೆಂಬರಿನಲ್ಲಿ, ಬ್ರಸೆಲ್ಸ್‌ನಲ್ಲಿ ಸೇರಿದ ಯುರೋಪಿಯನ್ ಒಕ್ಕೂಟದ ಮೀನುಗಾರಿಕೆ ಮಂತ್ರಿಗಳ ಸಭೆಯಲ್ಲಿ. ಬ್ರಿಟನ್ ಆಗಿನ್ನೂ ಒಕ್ಕೂಟದ ಸದಸ್ಯ. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ರಾತ್ರಿಯಿಡೀ ನಡೆಯುವ ಆ ಚೌಕಾಸಿಯಲ್ಲಿ ಯಾವ ದೇಶಕ್ಕೆ ಯಾವ ಮೀನು ಎಷ್ಟು ಟನ್ ಎಂಬುದು ತೀರ್ಮಾನವಾಗುತ್ತಿತ್ತು. ಟ್ರಾಲರ್ ಮಾಲೀಕರ ಸಂಘಗಳಿಗೆ ಅಲ್ಲಿನ ಮೊಗಸಾಲೆಗಳು ಹಳೆಯ ಪರಿಚಯ. ಪರಿಸರ ಸಂಸ್ಥೆಗಳೂ ದಾರಿ ಕಂಡುಕೊಂಡಿದ್ದವು. ಕೋಲು ಹಿಡಿದು ದಂಡೆಯಲ್ಲಿ ನಿಲ್ಲುವವನ ಪರವಾಗಿ ಅಲ್ಲಿ ಮಾತಾಡಿದವರು ಯಾರು, ಹಾಗೆ ಮಾತಾಡಲು ಅವರಿಗೆ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆ ಆ ಚಳಿಗಾಲದಲ್ಲಿ ಇಂಗ್ಲೆಂಡಿನ ಗಾಳಗಾರರ ನಡುವೆ ಜೋರಾಗಿ ಎದ್ದಿತು. ಪ್ರಶ್ನೆ ಹೊಸದೇನಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದು ಬಗೆಹರಿಯದೆ ಉಳಿದಿತ್ತು.

ಇದೇನು ನಾಲ್ಕಾರು ಹವ್ಯಾಸಿಗಳ ಗೊಣಗಾಟವೇ ಎಂದು ಕೇಳುವವರಿಗೆ ಒಂದು ಅಂಕಿ ಸಾಕು. ಸರ್ಕಾರವೇ ಮಾಡಿಸಿದ 'ಸೀ ಆಂಗ್ಲಿಂಗ್ 2012' ಎಂಬ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಒಂದರಲ್ಲೇ 8 ಲಕ್ಷ 84 ಸಾವಿರ ಮಂದಿ ಕಡಲಲ್ಲಿ ಗಾಳ ಹಾಕುತ್ತಿದ್ದರು. ಅವರು ಆ ವರ್ಷ ಖರ್ಚು ಮಾಡಿದ್ದು 123 ಕೋಟಿ ಪೌಂಡ್. ಎರೆ, ಗಾಳದ ಕೋಲು, ದೋಣಿ ಬಾಡಿಗೆ, ವಸತಿಗೃಹ ಎಂದು ಹರಿದ ಆ ಹಣದಿಂದ ನೇರವಾಗಿ 10,400 ಪೂರ್ಣಾವಧಿ ಕೆಲಸಗಳು ನಡೆಯುತ್ತಿದ್ದವು.

ಇಷ್ಟು ದೊಡ್ಡ ಜನಸಮೂಹಕ್ಕೆ ದನಿ ಇಲ್ಲದೆ ಹೋದದ್ದು ಹೇಗೆ? ಉತ್ತರಕ್ಕೆ ಮೊದಲು ನದಿಯ ಕಡೆ ನೋಡಬೇಕು.

ಒಡೆಯನಿರುವ ನೀರು, ಒಡೆಯನಿಲ್ಲದ ನೀರು

ಇಂಗ್ಲೆಂಡಿನ ನದಿಗಳಲ್ಲಿ ಮೀನು ಹಿಡಿಯುವ ಹಕ್ಕು ಒಂದು ಆಸ್ತಿ. ದಡದ ಜಮೀನಿನ ಒಡೆಯನದು ಆ ಹಕ್ಕು. ಅವನು ಅದನ್ನು ಮಾರಬಹುದು, ಗುತ್ತಿಗೆಗೆ ಕೊಡಬಹುದು. ಗಾಳಗಾರರ ಕ್ಲಬ್ಬುಗಳು ಈ ಹಕ್ಕನ್ನು ಕೊಂಡವು, ಗುತ್ತಿಗೆ ಹಿಡಿದವು. ಆಸ್ತಿ ಕೈಗೆ ಬಂದಮೇಲೆ ಅದಕ್ಕೆ ಹಾನಿ ಮಾಡಿದವನನ್ನು ಕೋರ್ಟಿಗೆ ಎಳೆಯುವ ಶಕ್ತಿಯೂ ಬಂತು. 1948ರಲ್ಲಿ ಜಾನ್ ಈಸ್ಟ್‌ವುಡ್ ಎಂಬ ವಕೀಲರು ಕಟ್ಟಿದ ಆಂಗ್ಲರ್ಸ್ ಕೋಆಪರೇಟಿವ್ ಅಸೋಸಿಯೇಶನ್ ಮಾಡಿದ್ದು ಇದೇ ಕೆಲಸ. 1950ರ ದಶಕದ ಆರಂಭದಲ್ಲಿ ಡರ್ಬಿ ಊರಿನ ಗಾಳಗಾರರ ಸಂಘವೊಂದು ಡರ್ವೆಂಟ್ ನದಿಯನ್ನು ಕೆಡಿಸಿದ್ದಕ್ಕಾಗಿ ಬ್ರಿಟಿಷ್ ಸೆಲನೀಸ್ ಕಾರ್ಖಾನೆ, ಊರಿನ ನಗರಸಭೆ ಮತ್ತು ಸರ್ಕಾರಿ ವಿದ್ಯುತ್ ಸಂಸ್ಥೆ ಮೂರರ ಮೇಲೂ ದಾವೆ ಹೂಡಿ ಗೆದ್ದಿತು. ಮೀನು ಹಿಡಿಯುವ ಸಂಘವೊಂದು ನಗರಸಭೆಯ ಕೊಳಚೆ ನೀರಿಗೆ ತಡೆ ತಂದ ಆ ತೀರ್ಪನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುತ್ತಾರೆ.

ಜೊತೆಗೆ ನದಿಯ ಗಾಳಗಾರ ಪರವಾನಗಿ ಕೊಳ್ಳಬೇಕು, ಅದಕ್ಕೆ ಹಣ ಕಟ್ಟಬೇಕು. ಹಣ ಕಟ್ಟಿದವನ ಹೆಸರು ಸರ್ಕಾರದ ಪುಸ್ತಕದಲ್ಲಿರುತ್ತದೆ. ಎಷ್ಟು ಮಂದಿ ಇದ್ದಾರೆಂದು ಇಲಾಖೆಗೆ ಗೊತ್ತು. ತಾನು ಕೊಟ್ಟ ಹಣಕ್ಕೆ ಏನು ಮಾಡಿದಿರಿ ಎಂದು ಕೇಳುವ ಮುಖವೂ ಗಾಳಗಾರನಿಗಿದೆ.

ಕಡಲಿನದು ಬೇರೆಯೇ ಕಥೆ. ಭರತ ಇಳಿತ ಇರುವ ನೀರಿನಲ್ಲಿ ಮೀನು ಹಿಡಿಯುವುದು ಎಲ್ಲ ಪ್ರಜೆಗಳ ಸಾರ್ವಜನಿಕ ಹಕ್ಕು. ಅದರ ಮೂಲವನ್ನು 1215ರ ಮ್ಯಾಗ್ನಾ ಕಾರ್ಟಾಕ್ಕೆ ಒಯ್ಯುವುದು ಅಲ್ಲಿನ ವಾಡಿಕೆ. ಅಪ್ಪಣೆ ಬೇಡ, ಕಾಸು ಬೇಡ, ಹೆಸರು ಬರೆಸಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಕೋಲು ಹೆಗಲಿಗೇರಿಸಿ ನಡೆದರೆ ಆಯಿತು. ಕಡಲ ಗಾಳಗಾರ ತನ್ನ ಈ ಸ್ವಾತಂತ್ರ್ಯವನ್ನು ಎದೆಗವಚಿಕೊಂಡು ಬಂದಿದ್ದಾನೆ. ಅವನ ದನಿ ಉಡುಗಿದ್ದಕ್ಕೆ ಮೂಲ ಕಾರಣವೂ ಅದೇ. ಎಲ್ಲರ ಹಕ್ಕು ಎಂದಮೇಲೆ ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಆಸ್ತಿಯಲ್ಲದ ಮೇಲೆ ಕೋರ್ಟಿಗೆ ಹೋಗಲು ಆಧಾರವಿಲ್ಲ, ಪುಸ್ತಕದಲ್ಲಿ ಹೆಸರಿಲ್ಲದವನನ್ನು ಇಲಾಖೆ ಎಣಿಸುವುದೂ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿನಿಧಿಯ ಪ್ರಶ್ನೆ ಅಷ್ಟಾಗಿ ಏಳದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ಗಾಳದ ಬಗ್ಗೆ ಬರೆಯುತ್ತಿದ್ದ ದೊರೆಗಳೇ ಆಡಳಿತದ ಕುರ್ಚಿಯಲ್ಲೂ ಇರುತ್ತಿದ್ದರು. ನಮ್ಮ ಕರಾವಳಿಗೇ ಸಂಬಂಧಪಟ್ಟ ಉದಾಹರಣೆ ಒಂದಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ, ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲ್ಲಿವನ್ ಥಾಮಸ್, ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ 'ದಿ ರಾಡ್ ಇನ್ ಇಂಡಿಯಾ' ಎಂಬ ಹೆಸರಾಂತ ಪುಸ್ತಕ ಬರೆದರು. ಅದರ ಮೊದಲ ಮುದ್ರಣ 1873ರಲ್ಲಿ ಹೊರಬಂದದ್ದು ಮಂಗಳೂರಿನಿಂದ. ಇದೇ ಥಾಮಸ್ ನದಿ ಮೀನುಗಳ ಸಂರಕ್ಷಣೆಯ ಬಗ್ಗೆ ಸರ್ಕಾರಕ್ಕೆ ವರದಿ ಬರೆದವರೂ ಹೌದು. ಗಾಳಗಾರನೂ ಅವರೇ, ಸರ್ಕಾರವೂ ಅವರೇ. ನಡುವೆ ವಕೀಲನ ಅಗತ್ಯವೇನು?

ಪಿಯರ್ ಮೇಲಿನ ಗುಮಾಸ್ತರು

ಕಡಲ ಗಾಳ ಇಂಗ್ಲೆಂಡಿನಲ್ಲಿ ಜನರ ಹವ್ಯಾಸವಾದದ್ದು ರೈಲಿನಿಂದ. ರೈಲುದಾರಿ ಕರಾವಳಿಯ ಊರುಗಳನ್ನು ಮುಟ್ಟಿದಮೇಲೆ ಲಂಡನ್ನಿನ ಗುಮಾಸ್ತ, ಅಂಗಡಿಯವ, ಕಾರ್ಖಾನೆಯ ಕೂಲಿ ಭಾನುವಾರ ಕಡಲಿಗೆ ಹೊರಟರು. ಊರೂರಿನಲ್ಲೂ ಕಡಲೊಳಕ್ಕೆ ಚಾಚಿದ ಕಬ್ಬಿಣದ ಪಿಯರ್‌ಗಳು ಎದ್ದವು. ವಿಹಾರಕ್ಕೆಂದು ಕಟ್ಟಿದ ಆ ಕಟ್ಟೆಗಳ ತುದಿ ಗಾಳಗಾರರ ಪಾಲಾಯಿತು. 1893ರಲ್ಲಿ ಬ್ರಿಟಿಷ್ ಸೀ ಆಂಗ್ಲರ್ಸ್ ಸೊಸೈಟಿ, 1904ರಲ್ಲಿ ನ್ಯಾಷನಲ್ ಫೆಡರೇಶನ್ ಆಫ್ ಸೀ ಆಂಗ್ಲರ್ಸ್ ಹುಟ್ಟಿದವು.

ಫೆಡರೇಶನ್ ಎಂದರೆ ಕ್ಲಬ್ಬುಗಳ ಒಕ್ಕೂಟ. ಸ್ಪರ್ಧೆ ಏರ್ಪಡಿಸುವುದು, ದೊಡ್ಡ ಮೀನಿನ ತೂಕ ದಾಖಲಿಸುವುದು, ಬಹುಮಾನ ಹಂಚುವುದು ಅದರ ಮುಖ್ಯ ಕೆಲಸವಾಗಿತ್ತು. ನೀತಿಯ ವಿಷಯಕ್ಕೆ ಅದು ತಲೆ ಹಾಕಿದ್ದು ಕಡಿಮೆ. ಹಾಗೆಂದು ದೂರುವುದು ಸುಲಭ. ಆದರೆ ಆ ದಿನಗಳಲ್ಲಿ ಕಡಲಲ್ಲಿ ಮೀನು ಸಾಕಷ್ಟಿತ್ತು, ಸಾಕಷ್ಟಿದ್ದಾಗ ಪಾಲಿನ ಜಗಳ ಬರುವುದಿಲ್ಲ.

ನೀತಿ ರೂಪಿಸುವ ವ್ಯವಸ್ಥೆಯೇನೋ ಆಗಲೇ ಬಂದಿತ್ತು. 1888ರ ಕಾಯ್ದೆಯಂತೆ ಕರಾವಳಿಯ ಉದ್ದಕ್ಕೂ ಸ್ಥಳೀಯ ಕಡಲ ಮೀನುಗಾರಿಕೆ ಸಮಿತಿಗಳು ಏರ್ಪಟ್ಟವು. ಕೌಂಟಿಗಳ ಚುನಾಯಿತ ಸದಸ್ಯರೂ ಮೀನುಗಾರಿಕೆ ಬಲ್ಲವರೂ ಅವುಗಳಲ್ಲಿ ಕೂರುತ್ತಿದ್ದರು. ಮೀನುಗಾರಿಕೆ ಬಲ್ಲವರೆಂದರೆ ಅದರಿಂದ ಬದುಕುವವರು ಎಂಬುದು ಎಲ್ಲರ ತಿಳಿವಳಿಕೆ. ಗಾಳಗಾರರೂ ಒಮ್ಮೊಮ್ಮೆ ಒಳಗೆ ಬಂದರು, ಆದರೆ ಅವರನ್ನು ಅತಿಥಿಗಳಂತೆ ಕಂಡವರೇ ಹೆಚ್ಚು.

ಶ್ರೀಮಂತ ಗಾಳಗಾರರ ಪಾಡೂ ಬೇರೆಯಾಗಿರಲಿಲ್ಲ ಎಂಬುದಕ್ಕೆ ಸ್ಕಾರ್ಬರೋ ಬಂದರಿನ ಕಥೆ ಸಾಕ್ಷಿ. 1930ರಲ್ಲಿ ಲೊರೆಂಜೊ ಮಿಚೆಲ್-ಹೆನ್ರಿ ಎಂಬಾತ ಅಲ್ಲಿ 560 ಪೌಂಡ್ ತೂಕದ ನೀಲಿರೆಕ್ಕೆಯ ಟ್ಯೂನಾ ಹಿಡಿದ. 1933ರಲ್ಲಿ ಅವನೇ 851 ಪೌಂಡಿನದನ್ನು ಎಳೆದುಹಾಕಿದ. ಐಶ್ವರ್ಯವಂತರು ವಿಹಾರನೌಕೆಗಳಲ್ಲಿ ಬಂದಿಳಿದರು, ಕ್ಲಬ್ ಕಟ್ಟಿದರು. ಟ್ಯೂನಾ ಅಲ್ಲಿಗೆ ಬರುತ್ತಿದ್ದುದು ಹೆರಿಂಗ್ ಮೀನಿನ ಹಿಂಡಿನ ಬೆನ್ನು ಹತ್ತಿ. ಹೆರಿಂಗನ್ನು ಬಲೆಗಳು ಬಾಚಿದವು. 1950ರ ದಶಕದ ನಡುವಿನ ಹೊತ್ತಿಗೆ ಟ್ಯೂನಾ ಕಣ್ಮರೆ. ಲಕ್ಷಾಧೀಶರೂ ಇದ್ದ ಆ ಕ್ಲಬ್ಬನ್ನು ಹೆರಿಂಗ್ ಬಗ್ಗೆ ನಿಮ್ಮ ಅಭಿಪ್ರಾಯವೇನೆಂದು ಕೇಳುವುದು ಯಾರ ಮನಸ್ಸಿಗೂ ಹೊಳೆಯಲಿಲ್ಲ.

ಒಂದು ಮೀನು, ಎರಡು ದೇಶ

ಪಾಲಿನ ಜಗಳ ನಿಜವಾಗಿ ಶುರುವಾದದ್ದು ಬ್ಯಾಸ್ ಮೀನಿನಿಂದ. ಬೆಳ್ಳಿಯ ಮೈ, ಮುಳ್ಳು ಬೆನ್ನುರೆಕ್ಕೆ, ನೊರೆಯೆದ್ದ ಅಲೆಗಳ ನಡುವೆ ದಡಕ್ಕೆ ತೀರ ಹತ್ತಿರ ಬರುವ ಸ್ವಭಾವ. ದಂಡೆಯ ಗಾಳಗಾರನಿಗೆ ಇದಕ್ಕಿಂತ ಪ್ರಿಯವಾದ ಮೀನು ಇನ್ನೊಂದಿಲ್ಲ. ಆದರೆ ಬೆಳೆಯುವುದು ಬಹಳ ನಿಧಾನ. ಹೆಣ್ಣು ಬ್ಯಾಸ್ ಸುಮಾರು 42 ಸೆಂಟಿಮೀಟರ್ ಬೆಳೆದಮೇಲೆಯೇ ಮೊಟ್ಟೆಯಿಡುತ್ತದೆ, ಅಷ್ಟಾಗಲು ಐದಾರು ವರ್ಷ ಬೇಕು. ಮರಿಗಳು ಅಳಿವೆಗಳಲ್ಲಿ ಬೆಳೆಯುತ್ತವೆ. ದೊಡ್ಡವು ಚಳಿಗಾಲದ ಕೊನೆಗೆ ಮೊಟ್ಟೆಯಿಡಲು ಇಂಗ್ಲಿಷ್ ಕಾಲುವೆಯ ಆಳಕ್ಕೆ ಹೋಗಿ ಒಟ್ಟಾಗುತ್ತವೆ. ಜೋಡಿ ಟ್ರಾಲರ್‌ಗಳು ನಡುವೆ ಬಲೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದುದು ಅಲ್ಲೇ.

ಈ ಮೀನಿನ ಬೆಳವಣಿಗೆ, ವಲಸೆಗಳ ಬಗ್ಗೆ ಮೊದಮೊದಲ ಗಟ್ಟಿ ಮಾಹಿತಿಯ ಒಂದು ಭಾಗ ಬಂದದ್ದು ಗಾಳಗಾರನೊಬ್ಬನಿಂದ ಎಂಬುದು ಗಮನಿಸಬೇಕಾದ ಸಂಗತಿ. ಡೊನೊವನ್ ಕೆಲ್ಲಿ ವೃತ್ತಿಯಿಂದ ವಿಜ್ಞಾನಿಯಲ್ಲ. ದಶಕಗಳ ಕಾಲ ಬ್ಯಾಸ್ ಹಿಡಿದು, ಅಳೆದು, ಗುರುತುಪಟ್ಟಿ ಕಟ್ಟಿ ಬಿಟ್ಟು, ಲೆಕ್ಕವಿಟ್ಟು ವೈಜ್ಞಾನಿಕ ಲೇಖನಗಳನ್ನು ಬರೆದರು. 1973ರಲ್ಲಿ ಬ್ಯಾಸ್ ಆಂಗ್ಲರ್ಸ್ ಸ್ಪೋರ್ಟ್‌ಫಿಶಿಂಗ್ ಸೊಸೈಟಿ ಹುಟ್ಟಿತು. ಚಿಕ್ಕ ಸಂಘ, ಆದರೆ ಮೀನಿನ ಬಗ್ಗೆ ಇಲಾಖೆಯ ಅಧಿಕಾರಿಗಳ ಎದುರು ಕೂತು ವಾದಿಸಬಲ್ಲ ಸಂಘ. 1990ರಲ್ಲಿ ಸರ್ಕಾರ ಹಿಡಿಯಬಹುದಾದ ಬ್ಯಾಸ್‌ನ ಕನಿಷ್ಠ ಉದ್ದವನ್ನು 36 ಸೆಂಟಿಮೀಟರಿಗೆ ಏರಿಸಿತು, ಇಂಗ್ಲೆಂಡ್ ಮತ್ತು ವೇಲ್ಸ್‌ನ 34 ಅಳಿವೆ, ಕೊಲ್ಲಿಗಳನ್ನು ಮರಿಗಳ ರಕ್ಷಿತ ತಾಣಗಳೆಂದು ಘೋಷಿಸಿತು. 36ಕ್ಕೂ 42ಕ್ಕೂ ನಡುವಿನ ಅಂತರವನ್ನು ಓದುಗರು ಗಮನಿಸಬೇಕು. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಕಾನೂನುಬದ್ಧವಾಗಿಯೇ ಹಿಡಿಯಬಹುದಿತ್ತು.

ಅದೇ 1990ರಲ್ಲಿ ಪಕ್ಕದ ಐರ್ಲೆಂಡ್ ಬೇರೆ ದಾರಿ ಹಿಡಿಯಿತು. ತನ್ನ ದೋಣಿಗಳು ವ್ಯಾಪಾರಕ್ಕೆ ಬ್ಯಾಸ್ ಹಿಡಿಯುವುದನ್ನೇ ನಿಲ್ಲಿಸಿ ಅದನ್ನು ಗಾಳಗಾರರಿಗೆ ಬಿಟ್ಟುಕೊಟ್ಟಿತು. ಅವರಿಗೂ ಮಿತಿ ಇತ್ತು. ದಿನಕ್ಕೆ ಎರಡು ಮೀನು, ಉದ್ದ 40 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಮೇ ನಡುವಿನಿಂದ ಜೂನ್ ನಡುವಿನವರೆಗೆ ಪೂರ್ತಿ ರಜೆ. ಗಾಳ ಹಾಕಲು ಬರುವ ಪ್ರವಾಸಿಯಿಂದ ದೇಶಕ್ಕೆ ಲಾಭವಿದೆ ಎಂಬ ವ್ಯಾವಹಾರಿಕ ಲೆಕ್ಕ ಅಲ್ಲಿ ಕೆಲಸ ಮಾಡಿತ್ತು.

ಇಂಗ್ಲೆಂಡಿನಲ್ಲೂ ಅಂಥ ಕಾಲ ಬಂದಂತೆ ಕಂಡದ್ದು 2004ರಲ್ಲಿ. ಪ್ರಧಾನಿ ಕಚೇರಿಯ ಕಾರ್ಯತಂತ್ರ ಘಟಕ 'ನೆಟ್ ಬೆನಿಫಿಟ್ಸ್' ಎಂಬ ವರದಿ ಹೊರಡಿಸಿ, ಕೆಲವು ಮೀನುಗಳನ್ನು ಗಾಳಗಾರರಿಗಷ್ಟೇ ಮೀಸಲಿಡಬಹುದೇ ಎಂದು ಪರಿಶೀಲಿಸಿ, ಬ್ಯಾಸ್‌ನಿಂದ ಪ್ರಾರಂಭಿಸಿ ಎಂದು ಇಲಾಖೆಗಳಿಗೆ ಸೂಚಿಸಿತು. ಬ್ಯಾಸ್ ಸೊಸೈಟಿ ಅದೇ ವರ್ಷ ತನ್ನದೇ ನಿರ್ವಹಣಾ ಯೋಜನೆಯೊಂದನ್ನು ಸರ್ಕಾರದ ಮುಂದಿಟ್ಟಿತು. ಬೆನ್ ಬ್ರಾಡ್‌ಶಾ ಮೀನುಗಾರಿಕೆ ಮಂತ್ರಿಯಾಗಿದ್ದಾಗ ಕನಿಷ್ಠ ಉದ್ದವನ್ನು 40 ಸೆಂಟಿಮೀಟರಿಗೆ ಏರಿಸುವುದಾಗಿ ಪ್ರಕಟಣೆಯೂ ಆಯಿತು. ಗಾಳಗಾರರು ಗೆದ್ದೆವೆಂದುಕೊಂಡರು.

2007ರಲ್ಲಿ ಮಂತ್ರಿ ಬದಲಾದರು. ಹೊಸದಾಗಿ ಬಂದ ಜೊನಾಥನ್ ಶಾ ಅಕ್ಟೋಬರಿನಲ್ಲಿ ಆ ತೀರ್ಮಾನವನ್ನು ಕೈಬಿಟ್ಟರು. ಉದ್ದ ಏರಿಸಿದರೆ ಈಗಲೇ ಕಷ್ಟದಲ್ಲಿರುವ ಸಣ್ಣ ದೋಣಿಗಳಿಗೆ ಪೆಟ್ಟು ಬೀಳುತ್ತದೆ ಎಂಬುದು ಮೀನುಗಾರರ ವಾದವಾಗಿತ್ತು. ಅದನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಇದಕ್ಕೆ ಸ್ವಲ್ಪ ಮುಂಚೆ, ನೈರುತ್ಯ ಇಂಗ್ಲೆಂಡಿನ ಕರಾವಳಿಯಿಂದ 12 ಮೈಲಿಯೊಳಗೆ ಬ್ರಿಟಿಷ್ ಹಡಗುಗಳು ಬ್ಯಾಸ್‌ಗಾಗಿ ಜೋಡಿ ಟ್ರಾಲಿಂಗ್ ಮಾಡುವುದಕ್ಕೆ ಸರ್ಕಾರ ತಡೆ ಹಾಕಿತ್ತು. ಬ್ಯಾಸ್ ಉಳಿಸಬೇಕೆಂದಲ್ಲ, ಗಾಳಗಾರರು ಕೇಳಿದರೆಂದೂ ಅಲ್ಲ, ಬಲೆಗೆ ಸಿಕ್ಕಿ ಡಾಲ್ಫಿನ್‌ಗಳು ಸಾಯುತ್ತವೆ ಎಂದು. ಡಾಲ್ಫಿನ್‌ಗಳಿಗೆ ಗಾಳಗಾರರಿಗಿಂತ ಒಳ್ಳೆಯ ವಕ್ತಾರರಿದ್ದರು.

ಹಣ ಕಟ್ಟಿದರೆ ದನಿ ಬರುವುದೇ?

ಕಡಲ ಗಾಳಕ್ಕೂ ಪರವಾನಗಿ ಬೇಕೇ ಎಂಬ ಚರ್ಚೆ ಎದ್ದದ್ದು ಇದೇ ವೇಳೆಗೆ, ಕಡಲ ಕಾಯ್ದೆಯ ಕರಡು ತಯಾರಾಗುತ್ತಿದ್ದ 2006–07ರಲ್ಲಿ. ಪರವಾಗಿದ್ದವರು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಕಡೆ ಬೆರಳು ಮಾಡಬಹುದಿತ್ತು. ಅಲ್ಲಿ 2001ರಿಂದ ಕಡಲ ಗಾಳಗಾರರೂ ಶುಲ್ಕ ಕಟ್ಟುತ್ತಾರೆ. ಹಣ ಪ್ರತ್ಯೇಕ ನಿಧಿಗೆ ಹೋಗುತ್ತದೆ. ಆ ನಿಧಿಯಿಂದಲೇ ವೃತ್ತಿಪರ ಮೀನುಗಾರರಿಗೆ ಪರಿಹಾರ ಕೊಟ್ಟು 30 ಅಳಿವೆ, ಸರೋವರಗಳನ್ನು ಗಾಳಗಾರರಿಗೆ ಬಿಡಿಸಿಕೊಡಲಾಯಿತು. ಕಾಸು ಕೊಟ್ಟವನಿಗೆ ಕಣ್ಣಿಗೆ ಕಾಣುವ ಪ್ರತಿಫಲ.

ಇಂಗ್ಲೆಂಡಿನ ಗಾಳಗಾರರು ಒಪ್ಪಲಿಲ್ಲ. ಮೊದಲು ಮೀನು ತೋರಿಸಿ, ಆಮೇಲೆ ಹಣ ಕೇಳಿ ಎಂಬುದು ಅವರ ಮಾತಿನ ಸಾರ. ಕನಿಷ್ಠ ಉದ್ದದ ವಿಷಯದಲ್ಲಿ ಕೈಕೊಟ್ಟ ಸರ್ಕಾರವನ್ನು ನಂಬಿ ಎಂದು ಹೇಳುವ ಧೈರ್ಯ ಅವರ ಮುಖಂಡರಿಗೂ ಇದ್ದಂತಿಲ್ಲ. 2009ರಲ್ಲಿ ಕಾಯ್ದೆ ಜಾರಿಯಾದಾಗ ಅದರಲ್ಲಿ ಪರವಾನಗಿಯ ಮಾತಿರಲಿಲ್ಲ. ಗಾಳಗಾರರು ಸ್ವಾತಂತ್ರ್ಯ ಉಳಿಸಿಕೊಂಡರು, ಎಣಿಕೆಗೆ ಸಿಗದವರಾಗಿಯೇ ಉಳಿದರು.

ಎಣಿಸುವ ಕೆಲಸಕ್ಕೆ ಬ್ರಸೆಲ್ಸ್ ಕೈಹಾಕಿತು. 2008ರ ನವೆಂಬರಿನಲ್ಲಿ ಯುರೋಪಿಯನ್ ಆಯೋಗ ಮುಂದಿಟ್ಟ ನಿಯಂತ್ರಣ ಕಾನೂನಿನ ಕರಡಿನಲ್ಲಿ 47ನೆಯ ಕಲಂ ಇತ್ತು. ಸಂಕಷ್ಟದಲ್ಲಿರುವ ಮೀನುಗಳನ್ನು ಹವ್ಯಾಸಿ ದೋಣಿಗಳು ಹಿಡಿದರೆ ಅದಕ್ಕೆ ಅನುಮತಿ ಬೇಕು, ಹಿಡಿದದ್ದನ್ನು ದೇಶದ ಕೋಟಾದಿಂದಲೇ ಕಳೆಯಬೇಕು ಎಂದು ಅದು ಹೇಳುತ್ತಿತ್ತು. ಯುರೋಪಿನಾದ್ಯಂತ ಗಾಳಗಾರರು ಸಿಡಿದೆದ್ದರು. ಕೊನೆಗೆ ಅದು 55ನೆಯ ಕಲಮಾಗಿ ಮೆತ್ತಗಾಯಿತು. ಹವ್ಯಾಸಕ್ಕೆ ಹಿಡಿದ ಮೀನನ್ನು ಮಾರಬಾರದು, ಸರ್ಕಾರಗಳು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಬೇಕು ಎಂಬಲ್ಲಿಗೆ ನಿಂತಿತು. ಕಡಲ ಗಾಳಗಾರರು ಒಟ್ಟಾಗಿ ಕೂಗಿದರೆ ಬ್ರಸೆಲ್ಸ್‌ಗೂ ಕೇಳಿಸುತ್ತದೆ ಎಂದು ಅಂದು ಗೊತ್ತಾಯಿತು. ಆದರೆ ಬೇಡ ಎಂದು ಕೂಗಲು ಒಟ್ಟಾಗುವುದು ಸುಲಭ, ಬೇಕಾದ್ದೇನೆಂದು ಹೇಳಲು ಒಟ್ಟಾಗುವುದು ಕಷ್ಟ.

ಒಟ್ಟಾಗುವ ಪ್ರಯತ್ನವೂ ನಡೆಯಿತು. 2009ರ ಆರಂಭದಲ್ಲಿ ಆರು ಸಂಸ್ಥೆಗಳು ಸೇರಿ ಆಂಗ್ಲಿಂಗ್ ಟ್ರಸ್ಟ್ ಆಯಿತು. 105 ವರ್ಷ ಹಳೆಯ ಫೆಡರೇಶನ್ ಅದರಲ್ಲಿ ಲೀನವಾಯಿತು. ಈಸ್ಟ್‌ವುಡ್ ಕಟ್ಟಿದ ಸಂಘದ ಕೋರ್ಟು ಕೆಲಸ ಫಿಶ್ ಲೀಗಲ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ನದಿಯವರು, ಕಡಲಿನವರು, ಸ್ಪರ್ಧೆಯವರು ಎಲ್ಲರಿಗೂ ಒಂದೇ ಚಾವಡಿ. ನದಿಯ ಗಾಳಗಾರರೇ ಹೆಚ್ಚಿರುವ ಮನೆಯಲ್ಲಿ ಕಡಲಿನವರ ಮಾತು ಎಷ್ಟು ನಡೆದೀತು ಎಂಬ ಅನುಮಾನ ಅಂದೇ ಹುಟ್ಟಿತು, ಇನ್ನೂ ಪೂರ್ತಿ ಹೋಗಿಲ್ಲ.

ಅತ್ತ ಬ್ರಸೆಲ್ಸ್ 2004ರಲ್ಲಿ ಪ್ರಾದೇಶಿಕ ಸಲಹಾ ಮಂಡಳಿಗಳನ್ನು ರಚಿಸಿತ್ತು. ಮೂರರಲ್ಲಿ ಎರಡು ಪಾಲು ಸ್ಥಾನ ಮೀನುಗಾರಿಕೆ ಉದ್ಯಮಕ್ಕೆ, ಉಳಿದ ಒಂದು ಪಾಲು 'ಇತರ ಹಿತಾಸಕ್ತಿ'ಗಳಿಗೆ. ಮೀನು ಹಿಡಿಯುವ ಲಕ್ಷಾಂತರ ಗಾಳಗಾರರನ್ನು ಸೇರಿಸಿದ್ದು ಪರಿಸರವಾದಿಗಳು, ಗ್ರಾಹಕರ ಜೊತೆಗೆ ಆ 'ಇತರ' ಖಾನೆಗೆ. 2013ರ ಸುಧಾರಣೆಯಲ್ಲಿ ಪ್ರಮಾಣ 60–40 ಆಯಿತು. ಖಾನೆ ಬದಲಾಗಲಿಲ್ಲ.

ಎಣಿಕೆಗೆ ಬಂದ ಮೇಲೆ

2012ರ ಸಮೀಕ್ಷೆಯನ್ನು ಅನುಮಾನದಿಂದ ನೋಡಿದ ಗಾಳಗಾರರು ಕಡಿಮೆಯಿರಲಿಲ್ಲ. ಲೆಕ್ಕ ಕೊಟ್ಟರೆ ನಾಳೆ ಅದನ್ನು ನಮ್ಮ ಮೇಲೇ ತಿರುಗಿಸುತ್ತಾರೆ ಎಂಬುದು ಅವರ ಭಯ. ಭಯ ಪೂರ್ತಿ ಸುಳ್ಳಾಗಲಿಲ್ಲ ಎನ್ನದೆ ವಿಧಿಯಿಲ್ಲ. ಸಮೀಕ್ಷೆ ಗಾಳಗಾರರ ಆರ್ಥಿಕ ತೂಕವನ್ನು ಜಗತ್ತಿಗೆ ತೋರಿಸಿತು. ಜೊತೆಗೆ ಅವರು ಹಿಡಿಯುವ ಬ್ಯಾಸ್ ಕೂಡ ಸಣ್ಣದಲ್ಲ ಎಂದು ತೋರಿಸಿತು. ಉತ್ತರದ ಬ್ಯಾಸ್ ಸಂತತಿಯಿಂದ ಒಟ್ಟು ತೆಗೆಯುವುದರಲ್ಲಿ ಸುಮಾರು ಕಾಲುಭಾಗ ಹವ್ಯಾಸಿಗಳದು ಎಂಬ ಅಂದಾಜು ಹೊರಬಿತ್ತು.

ಮೀನು ಆಗಲೇ ಕುಸಿಯುತ್ತಿತ್ತು. ಕೆಲವು ಚಳಿಗಾಲಗಳು ಕಠಿಣವಾಗಿ ಮರಿಗಳು ಉಳಿಯಲಿಲ್ಲ, ಬಲೆ ಮಾತ್ರ ನಿಲ್ಲಲಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯ ವಿಜ್ಞಾನಿಗಳು ಹಿಡಿತವನ್ನು ಶೇ. 80ರಷ್ಟು ಇಳಿಸಬೇಕೆಂದರು. 2015ರ ಜನವರಿಯಲ್ಲಿ ಮೊಟ್ಟೆಯಿಡುವ ಹಿಂಡುಗಳ ಮೇಲಿನ ಟ್ರಾಲಿಂಗ್‌ಗೆ ಏಪ್ರಿಲ್ ಕೊನೆಯವರೆಗೆ ತುರ್ತು ನಿಷೇಧ ಬಂತು. ಮಾರ್ಚಿನಲ್ಲಿ ಗಾಳಗಾರನಿಗೆ ದಿನಕ್ಕೆ ಮೂರು ಮೀನಿನ ಮಿತಿ. ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಕನಿಷ್ಠ ಉದ್ದ 42 ಸೆಂಟಿಮೀಟರ್. ಗಾಳಗಾರರ ಸಂಘಗಳು ದಶಕಗಳಿಂದ ಕೇಳುತ್ತಿದ್ದುದು ಕೊನೆಗೆ ಸಿಕ್ಕಿತು, ಮೀನು ಮುಗಿಯುತ್ತ ಬಂದಮೇಲೆ. 2016ರಲ್ಲಿ ವರ್ಷದ ಮೊದಲರ್ಧ ಹಿಡಿದು ಬಿಡುವುದು, ಉಳಿದರ್ಧ ದಿನಕ್ಕೆ ಒಂದು. 2018ರಲ್ಲಿ ಒಂದೂ ಇಲ್ಲ. 28 ವರ್ಷಗಳಿಂದ ತನ್ನ ವ್ಯಾಪಾರಿ ದೋಣಿಗಳನ್ನು ಬ್ಯಾಸ್‌ನಿಂದ ದೂರ ಇಟ್ಟಿದ್ದ ಐರ್ಲೆಂಡಿನ ಗಾಳಗಾರನಿಗೂ ಇದೇ ನಿಯಮ ಅನ್ವಯಿಸಿತು. ವಿಜ್ಞಾನಿಗಳು ಲೆಕ್ಕವನ್ನು ಮತ್ತೆ ನೋಡಿದ ಮೇಲೆ ಆ ವರ್ಷದ ಅಕ್ಟೋಬರಿನಿಂದ ದಿನಕ್ಕೆ ಒಂದು ಮೀನು ಮರಳಿ ಸಿಕ್ಕಿತು. 2020ರಲ್ಲಿ ಅದು ಎರಡಾಯಿತು.

ಹಾಗಾದರೆ ಮಾತಾಡಬೇಕಾದವರು ಯಾರು? ಆಂಗ್ಲಿಂಗ್ ಟ್ರಸ್ಟ್ ಎಂದರೆ, ಎಂಟೂವರೆ ಲಕ್ಷಕ್ಕೂ ಹೆಚ್ಚಿನ ಗಾಳಗಾರರಲ್ಲಿ ಅದಕ್ಕೆ ಚಂದಾ ಕಟ್ಟುವವರು ಬಹಳ ಸಣ್ಣ ಭಾಗ. ಬ್ಯಾಸ್ ಸೊಸೈಟಿಗೆ ವಿಷಯ ಚೆನ್ನಾಗಿ ಗೊತ್ತು, ಆದರೆ ಕಾಡ್ ಹಿಡಿಯುವವನಿಗೆ ಅದು ಏನೂ ಅಲ್ಲ. ಗಾಳಗಾರರನ್ನು ಕಡಲಿಗೆ ಒಯ್ಯುವ ಬಾಡಿಗೆ ದೋಣಿಗಳ ನಾಯಕರು ನುರಿತವರು, ಆದರೆ ಅವರಿಗೆ ಅದು ಹೊಟ್ಟೆಪಾಡು. ಗಿರಾಕಿ ಬುಟ್ಟಿ ತುಂಬಿಸಿಕೊಂಡು ಹೋಗಬೇಕೆಂಬ ಒತ್ತಡ ಅವರಿಗಿರುತ್ತದೆ. ಕೋಲು, ರೀಲ್ ಮಾರುವ ಕಂಪನಿಗಳಿಗೆ ಮೀನು ಎಷ್ಟಿದ್ದರೂ ಗಾಳ ಹಾಕುವವರು ಇದ್ದರೆ ಸಾಕು. ಗಾಳಗಾರರಲ್ಲೇ ಒಮ್ಮತವಿಲ್ಲ. ಹಿಡಿದದ್ದನ್ನೆಲ್ಲ ಬಿಡುವವನಿಗೆ ಮೀನಿನ ಮಿತಿ ಶೂನ್ಯವಾದರೂ ನಷ್ಟವಿಲ್ಲ. ಭಾನುವಾರದ ಊಟಕ್ಕೆ ಒಂದು ಒಯ್ಯುವ ಪಿಂಚಣಿದಾರನಿಗೆ ಅದೇ ಸರ್ವಸ್ವ. ಇವರಿಬ್ಬರ ಪರವಾಗಿ ಒಬ್ಬನೇ ಮಾತಾಡುವುದು ಹೇಗೆ?

1888ರ ಸಮಿತಿಗಳ ಜಾಗದಲ್ಲಿ 2011ರಿಂದ ಇಂಗ್ಲೆಂಡಿನ ಕರಾವಳಿಯಲ್ಲಿ ಹತ್ತು ಪ್ರಾಧಿಕಾರಗಳು ಕೆಲಸ ಮಾಡುತ್ತಿವೆ. ಗಾಳದ ಅನುಭವವಿರುವವರಿಗೂ ಅವುಗಳಲ್ಲಿ ಸ್ಥಾನವಿದೆ. ಆದರೆ ಹಾಗೆ ನೇಮಕವಾದವರು ತಮ್ಮ ತಿಳಿವಳಿಕೆಯನ್ನು ತರಬೇಕೇ ಹೊರತು ಯಾವ ಗುಂಪಿನ ಪ್ರತಿನಿಧಿಯಾಗಿಯೂ ಮಾತಾಡುವಂತಿಲ್ಲ. ಕುರ್ಚಿ ಸಿಕ್ಕಿತು, ವಕಾಲತ್ತು ಸಿಗಲಿಲ್ಲ. ಇದು ಕೊರತೆಯೆಂದು ಅನೇಕರು ದೂರುತ್ತಾರೆ. ಅದು ಅಷ್ಟು ನಿಜವಲ್ಲ. ಊರಿನ ನೀರನ್ನು ಬಲ್ಲವನು ಬಲೆಯವನ ಪಕ್ಕದಲ್ಲೇ ಕೂತು, ಇಬ್ಬರೂ ಒಂದೇ ಅಂಕಿಪಟ್ಟಿ ನೋಡಿ ವಾದಿಸುವುದು ರಾಜಧಾನಿಯ ಒಬ್ಬ ವಕ್ತಾರನ ಹೇಳಿಕೆಗಿಂತ ಹೆಚ್ಚು ಬೆಲೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆಂದು 2023ರ ಡಿಸೆಂಬರಿನಲ್ಲಿ ಪ್ರಕಟವಾದ ಬ್ಯಾಸ್ ನಿರ್ವಹಣಾ ಯೋಜನೆ ತಯಾರಾದದ್ದು ಗಾಳಗಾರರನ್ನೂ ವೃತ್ತಿಪರರನ್ನೂ ಒಟ್ಟಿಗೆ ಕೂರಿಸಿಕೊಂಡೇ. ಒಕ್ಕೂಟದಿಂದ ಹೊರಬಂದ ಬ್ರಿಟನ್ನಿನ 2020ರ ಮೀನುಗಾರಿಕೆ ಕಾಯ್ದೆ ಹವ್ಯಾಸಿ ಮೀನುಗಾರಿಕೆಯ ಅಭಿವೃದ್ಧಿಗೆ ಹಣ ಕೊಡಲು ಸರ್ಕಾರಕ್ಕೆ ಅಧಿಕಾರ ನೀಡಿದೆ. ನೂರು ವರ್ಷ ಹೆಸರೇ ಇಲ್ಲದಿದ್ದವನಿಗೆ ಇದೂ ಸಣ್ಣದಲ್ಲ.

ಸ್ಕಾರ್ಬರೋದಿಂದ ಮಾಯವಾಗಿದ್ದ ಟ್ಯೂನಾ ಬ್ರಿಟನ್ನಿನ ನೀರಿಗೆ ಮರಳಿದೆ. ಅದನ್ನು ಹಿಡಿಯಲು 2021ರಲ್ಲಿ ಅವಕಾಶ ಸಿಕ್ಕಿದ್ದು ಷರತ್ತಿನ ಮೇಲೆ. ಆಯ್ದ ದೋಣಿಗಳು ಮಾತ್ರ, ಹಿಡಿದದ್ದನ್ನು ಬಿಡಲೇಬೇಕು, ವಿಜ್ಞಾನಿಗಳಿಗಾಗಿ ಮೀನಿಗೆ ಗುರುತುಪಟ್ಟಿ ಹಾಕಬೇಕು, ಪ್ರತಿಯೊಂದರ ಲೆಕ್ಕ ಕೊಡಬೇಕು. ಲೆಕ್ಕ ಸರಿಯಾಗಿ ಬಂತು. 2024ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಬಗೆಯ ಹಿಡಿದು ಬಿಡುವ ಟ್ಯೂನಾ ಬೇಟೆಗೆ ಪರ್ಮಿಟ್ ಪದ್ಧತಿ ಶುರುವಾಯಿತು. ಪರವಾನಗಿ ಎಂಬ ಮಾತಿಗೇ ಕೆರಳುತ್ತಿದ್ದ ಗಾಳಗಾರರಲ್ಲಿ ಕೆಲವರು ತಾವಾಗಿಯೇ ಅರ್ಜಿ ಹಾಕಿದರು.

ದಂಡೆಯ ಸಾಮಾನ್ಯ ಗಾಳಗಾರನಿಗೆ ಅಂಥ ಕಡ್ಡಾಯವಿಲ್ಲ. ಅವನಿಗಾಗಿ 2016ರಿಂದ ದಿನಚರಿ ಯೋಜನೆಯೊಂದು ನಡೆಯುತ್ತಿದೆ. ಸೇರಿದವರು ಎಲ್ಲಿಗೆ ಹೋದೆವು, ಎಷ್ಟು ಗಂಟೆ ನಿಂತೆವು, ಏನು ಸಿಕ್ಕಿತು, ಏನನ್ನು ಬಿಟ್ಟೆವು, ಎಷ್ಟು ಖರ್ಚಾಯಿತು ಎಂದು ಪ್ರತಿ ಸಲವೂ ಬರೆಯುತ್ತಾರೆ. ಸರ್ಕಾರದ ವಿಜ್ಞಾನಿಗಳು ಬ್ಯಾಸ್‌ನ ಲೆಕ್ಕ ಹಾಕುವಾಗ ನೆಚ್ಚಿಕೊಳ್ಳುವ ಆಧಾರಗಳಲ್ಲಿ ಇದೂ ಒಂದು. ಇಡೀ ರಾತ್ರಿ ಚಳಿಯಲ್ಲಿ ನಿಂತು ಬರಿಗೈಯಲ್ಲಿ ಮರಳಿದ ದಿನ ಆ ಪುಸ್ತಕದಲ್ಲಿ ಸೊನ್ನೆ ಬರೆಯಬೇಕು. ಆ ಸೊನ್ನೆಯೂ ಲೆಕ್ಕಕ್ಕೆ ಸೇರುತ್ತದೆ.